ಪರ್ಲ್‌ನಲ್ಲಿ ಸಂರಚನಾ ದತ್ತಾಂಶದ ವೃಕ್ಷರೂಪ ನಿರ್ವಹಣೆ

ಸಂರಚನಾ ದತ್ತಾಂಶದ ವೃಕ್ಷರೂಪ ನಿರ್ವಹಣೆ ಎಂಬುದು ಒಂದು ತಂತ್ರಾಂಶದ ನಡವಳಿಕೆಯನ್ನು ನಿರ್ಧರಿಸುವ ಆಯ್ಕೆಗಳನ್ನು ಬಿಡಿ ಸಾಲುಗಳಾಗಿ ಕಾಣದೆ, ಬೇರು, ಕೊಂಬೆ ಮತ್ತು ಎಲೆಗಳುಳ್ಳ ಮರದಂತೆ ಜೋಡಿಸಿ ಓದುವ, ಪರಿಶೀಲಿಸುವ, ತಿದ್ದುವ ಹಾಗೂ ಮರಳಿ ಕಡತಕ್ಕೆ ಬರೆಯುವ ವಿಧಾನವಾಗಿದೆ. ಪರ್ಲ್ ಭಾಷೆಯಲ್ಲಿ ಇದನ್ನು ಎರಡು ಹಂತಗಳಲ್ಲಿ ಕಾಣಬಹುದು. ಮೊದಲನೆಯದು, ಒಂದರೊಳಗೊಂದು ಹುದುಗಿದ ಹ್ಯಾಶ್ ಮತ್ತು ಅರೇಗಳಲ್ಲಿ ಆಯ್ಕೆಗಳನ್ನು ಇಟ್ಟುಕೊಳ್ಳುವುದು. ಎರಡನೆಯದು, ಆ ಮರದಲ್ಲಿ ಏನೇನು ಇರಬಹುದು, ಏನು ಇರಕೂಡದು ಎಂಬ ನಿಯಮಗಳನ್ನು ಪ್ರತ್ಯೇಕವಾದ ಒಂದು ಮಾದರಿಯಾಗಿ ಬರೆದಿಡುವುದು. ಈ ಎರಡನೆಯ ಹಂತಕ್ಕೆ ಸೇರಿದ ಸಾಧನಗಳಲ್ಲಿ ಫ್ರಾನ್ಸಿನ ಡೊಮಿನಿಕ್ ಡುಮಾಂಟ್ ಅವರು ರಚಿಸಿದ ‘ಕಾನ್ಫಿಗ್::ಮಾಡೆಲ್’ ಎಂಬ ಮುಕ್ತ ತಂತ್ರಾಂಶ ಮುಖ್ಯವಾದುದು.

ಹಿನ್ನೆಲೆ

ಯುನಿಕ್ಸ್ ಪರಂಪರೆಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಬಹುತೇಕ ಸೇವೆಗಳ ಆಯ್ಕೆಗಳು ಸರಳ ಪಠ್ಯ ಕಡತಗಳಲ್ಲಿರುತ್ತವೆ. ಯಾವುದೇ ಪಠ್ಯ ಸಂಪಾದಕದಿಂದ ಇವುಗಳನ್ನು ತಿದ್ದಬಹುದು. ಆದರೆ ಕಣ್ಣಿಗೆ ಕಾಣುವ ಸಾಲುಗಳ ಜೋಡಣೆಯೂ ತಂತ್ರಾಂಶವು ಗ್ರಹಿಸುವ ರಚನೆಯೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಸಂರಚನೆಯ ತಪ್ಪುಗಳಲ್ಲಿ ಅನೇಕವು ಈ ಅಂತರದಿಂದಲೇ ಹುಟ್ಟುತ್ತವೆ.

ದೂರದ ಗಣಕಗಳಿಗೆ ಸುರಕ್ಷಿತ ಪ್ರವೇಶ ನೀಡುವ ಓಪನ್‌ಎಸ್‌ಎಸ್‌ಎಚ್ ಸರ್ವರಿನ ಸಂರಚನಾ ಕಡತ ಇದಕ್ಕೆ ಉತ್ತಮ ಉದಾಹರಣೆ. ಈ ಕಡತದ ಪ್ರತಿ ಸಾಲಿನಲ್ಲಿ ಒಂದು ಆಯ್ಕೆಯ ಹೆಸರು ಮತ್ತು ಅದರ ಮೌಲ್ಯ ಇರುತ್ತದೆ. ಕೆಲವು ಬಳಕೆದಾರರಿಗೆ ಅಥವಾ ಗುಂಪುಗಳಿಗೆ ಮಾತ್ರ ಅನ್ವಯಿಸುವ ನಿಯಮಗಳನ್ನು ‘ಮ್ಯಾಚ್’ ಎಂಬ ಸಾಲಿನ ಕೆಳಗೆ ಬರೆಯಲಾಗುತ್ತದೆ. ಆ ವಿಭಾಗವನ್ನು ಮುಗಿಸುವ ಚಿಹ್ನೆ ಯಾವುದೂ ಇಲ್ಲ. ಮುಂದಿನ ‘ಮ್ಯಾಚ್’ ಸಾಲು ಬರುವವರೆಗೆ ಅಥವಾ ಕಡತ ಕೊನೆಗೊಳ್ಳುವವರೆಗೆ ಅದು ಮುಂದುವರಿಯುತ್ತದೆ. ಸಾಲಿನ ಮೊದಲಿಗೆ ಬಿಟ್ಟ ಖಾಲಿ ಜಾಗಕ್ಕೆ ಯಾವ ಅರ್ಥವೂ ಇಲ್ಲ.

ನಿರ್ವಾಹಕರೊಬ್ಬರು ಗುಪ್ತಪದದ ಮೂಲಕ ಒಳಬರುವುದನ್ನು ಎಲ್ಲರಿಗೂ ನಿಷೇಧಿಸಬೇಕೆಂದು ‘ಪಾಸ್‌ವರ್ಡ್‌ಅಥೆಂಟಿಕೇಶನ್ ನೋ’ ಎಂಬ ಸಾಲನ್ನು ಕಡತದ ಕೊನೆಗೆ ಸೇರಿಸಿದರು ಎಂದಿಟ್ಟುಕೊಳ್ಳಬಹುದು. ಕಡತದ ಕೊನೆಯಲ್ಲಿ ಅದಾಗಲೇ ‘ಮ್ಯಾಚ್ ಗ್ರೂಪ್ ಅತಿಥಿ’ ಎಂಬ ವಿಭಾಗ ಇದ್ದರೆ, ಹೊಸ ಸಾಲು ಆ ವಿಭಾಗದ ಪಾಲಾಗುತ್ತದೆ. ಅತಿಥಿ ಗುಂಪಿನವರಿಗೆ ಮಾತ್ರ ಗುಪ್ತಪದ ನಿಷೇಧವಾಗಿ, ಉಳಿದವರಿಗೆ ಬಾಗಿಲು ಮೊದಲಿನಂತೆಯೇ ತೆರೆದಿರುತ್ತದೆ. ಸರ್ವರಿನ ಸ್ವಂತ ಪರೀಕ್ಷಾ ಆದೇಶವು ಇದರಲ್ಲಿ ದೋಷವನ್ನೇನೂ ತೋರಿಸುವುದಿಲ್ಲ, ಏಕೆಂದರೆ ವ್ಯಾಕರಣದ ದೃಷ್ಟಿಯಿಂದ ಕಡತ ಸರಿಯಾಗಿಯೇ ಇದೆ. ಇದೇ ಕಡತದಲ್ಲಿ ಒಂದು ಆಯ್ಕೆ ಎರಡು ಬಾರಿ ಬಂದರೆ ಸಾಮಾನ್ಯವಾಗಿ ಮೊದಲು ಸಿಕ್ಕ ಮೌಲ್ಯವೇ ಅನ್ವಯಿಸುತ್ತದೆ. ಕೊನೆಯದು ಗೆಲ್ಲುತ್ತದೆಂಬ ನಂಬಿಕೆಯಿಂದ ಕೆಳಗೆ ಬರೆದ ತಿದ್ದುಪಡಿ ವ್ಯರ್ಥವಾಗುತ್ತದೆ.

ಅದೇ ಕಡತವನ್ನು ಮರವಾಗಿ ಬಿಡಿಸಿ ಬರೆದರೆ ಸ್ಥಿತಿ ಸ್ಪಷ್ಟವಾಗುತ್ತದೆ:

ಬೇರು
├─ ಪೋರ್ಟ್ : 22
├─ ಪರ್ಮಿಟ್‌ರೂಟ್‌ಲಾಗಿನ್ : ನೋ
└─ ಮ್ಯಾಚ್
      └─ 0
            ├─ ಷರತ್ತು
            │     └─ ಗ್ರೂಪ್ : ಅತಿಥಿ
            └─ ಆಯ್ಕೆಗಳು
                  └─ ಪಾಸ್‌ವರ್ಡ್‌ಅಥೆಂಟಿಕೇಶನ್ : ನೋ

ನಿಷೇಧದ ಸಾಲು ಬೇರಿಗೆ ನೇರವಾಗಿ ಅಂಟಿಕೊಂಡಿಲ್ಲ, ಒಂದು ಕೊಂಬೆಯ ತುದಿಯಲ್ಲಿದೆ ಎಂಬುದು ಇಲ್ಲಿ ಮೊದಲ ನೋಟಕ್ಕೇ ತಿಳಿಯುತ್ತದೆ.

ಪರ್ಲ್‌ನಲ್ಲಿ ಮರದ ರಚನೆ

ಲ್ಯಾರಿ ವಾಲ್ ಅವರು ಪರ್ಲ್ ಭಾಷೆಯ ಮೊದಲ ಆವೃತ್ತಿಯನ್ನು 1987ರಲ್ಲಿ ಬಿಡುಗಡೆ ಮಾಡಿದರು. ಭಾಷೆಯ ಮೂಲ ದತ್ತಾಂಶ ಪ್ರಕಾರಗಳು ಮೂರು: ಒಂದೇ ಮೌಲ್ಯವನ್ನು ಹಿಡಿದಿಡುವ ಸ್ಕೇಲಾರ್, ಕ್ರಮಸಂಖ್ಯೆಯಿಂದ ತಲುಪುವ ಅರೇ ಮತ್ತು ಹೆಸರಿನಿಂದ ತಲುಪುವ ಹ್ಯಾಶ್. ಅರೇ ಮತ್ತು ಹ್ಯಾಶ್‌ಗಳ ಒಳಗೆ ನೇರವಾಗಿ ಇಡಬಹುದಾದುದು ಸ್ಕೇಲಾರ್ ಮಾತ್ರ. 1994ರಲ್ಲಿ ಬಂದ ಪರ್ಲ್ 5 ಆವೃತ್ತಿಯು ರೆಫರೆನ್ಸ್ ಎಂಬ ಸೌಲಭ್ಯವನ್ನು ತಂದಿತು. ರೆಫರೆನ್ಸ್ ಎಂದರೆ ಇನ್ನೊಂದು ದತ್ತಾಂಶ ಎಲ್ಲಿದೆ ಎಂದು ಸೂಚಿಸುವ ಸ್ಕೇಲಾರ್. ಹ್ಯಾಶ್‌ನ ಒಂದು ಕೀಲಿಗೆ ಮತ್ತೊಂದು ಹ್ಯಾಶ್‌ನ ರೆಫರೆನ್ಸನ್ನು ಮೌಲ್ಯವಾಗಿ ಕೊಡಬಹುದಾದ್ದರಿಂದ ಎಷ್ಟು ಆಳದ ಮರವನ್ನಾದರೂ ಕಟ್ಟಲು ಸಾಧ್ಯವಾಯಿತು. ಇಂಥ ಮರದಲ್ಲಿ ಹ್ಯಾಶ್ ಮತ್ತು ಅರೇಗಳು ಕೊಂಬೆಗಳ ಕೆಲಸ ಮಾಡುತ್ತವೆ. ರೆಫರೆನ್ಸ್ ಅಲ್ಲದ ಸ್ಕೇಲಾರ್‌ಗಳು ಎಲೆಗಳಾಗುತ್ತವೆ.

ಕಡತಗಳಿಂದ ಇಂಥ ಮರವನ್ನು ಕಟ್ಟಿಕೊಡುವ ಅನೇಕ ಮಾಡ್ಯೂಲ್‌ಗಳು ಪರ್ಲ್ ಸಮುದಾಯದ ಸಂಗ್ರಹವಾದ ಸಿಪ್ಯಾನ್‌ನಲ್ಲಿವೆ.

• ಐಎನ್‌ಐ ಮಾದರಿಯ ಕಡತಗಳು: ವಿಭಾಗ ಮತ್ತು ಆಯ್ಕೆ ಎಂಬ ಎರಡೇ ಹಂತದ ಮರ. ‘ಕಾನ್ಫಿಗ್::ಟೈನಿ’ ಇದನ್ನು ಹ್ಯಾಶ್‌ಗಳ ಹ್ಯಾಶ್ ಆಗಿ ಕೊಡುತ್ತದೆ. ಆದರೆ ಮರಳಿ ಬರೆಯುವಾಗ ಟಿಪ್ಪಣಿಗಳನ್ನೂ ಸಾಲುಗಳ ಮೂಲ ಕ್ರಮವನ್ನೂ ಉಳಿಸುವುದಿಲ್ಲ. ‘ಕಾನ್ಫಿಗ್::ಐಎನ್‌ಐಫೈಲ್ಸ್’ ಅವುಗಳನ್ನು ಉಳಿಸಿಕೊಳ್ಳುತ್ತದೆ.
• ಅಪಾಚೆ ಮಾದರಿಯ ಕಡತಗಳು: ಒಂದರೊಳಗೊಂದು ಹುದುಗಿದ ವಿಭಾಗಗಳಿಗೆ ‘ಕಾನ್ಫಿಗ್::ಜನರಲ್’ ಬಳಕೆಯಲ್ಲಿದೆ.
• ಜೇಸನ್: ಇದಕ್ಕಾಗಿ ‘ಜೇಸನ್::ಪಿಪಿ’ ಎಂಬ ಮಾಡ್ಯೂಲ್ 2011ರ ಪರ್ಲ್ 5.14 ಆವೃತ್ತಿಯಿಂದ ಭಾಷೆಯ ಜೊತೆಯಲ್ಲೇ ಬರುತ್ತಿದೆ. ಜೇಸನ್ ವ್ಯಾಕರಣದಲ್ಲಿ ಟಿಪ್ಪಣಿಗೆ ಅವಕಾಶವಿಲ್ಲದಿರುವುದು ಮನುಷ್ಯರು ತಿದ್ದುವ ಕಡತಗಳಿಗೆ ಒಂದು ಕೊರತೆ.
• ಯಾಮಲ್: ಖಾಲಿ ಜಾಗದಿಂದಲೇ ಕೊಂಬೆಗಳನ್ನು ಗುರುತಿಸುವ ರೂಪ. ‘ಯಾಮಲ್::ಎಕ್ಸ್‌ಎಸ್’, ‘ಯಾಮಲ್::ಟೈನಿ’ ಮೊದಲಾದವು ಇದನ್ನು ಓದುತ್ತವೆ.
• ಪರ್ಲ್ ಕಡತವೇ ಸಂರಚನೆ: ಹ್ಯಾಶ್ ಒಂದನ್ನು ಪರ್ಲ್ ವ್ಯಾಕರಣದಲ್ಲೇ ಬರೆದು ಓದಿಸುವುದು. ಇಲ್ಲಿ ಪ್ರತ್ಯೇಕ ಪಾರ್ಸರ್ ಬೇಕಿಲ್ಲ. ಆದರೆ ಆ ಕಡತವನ್ನು ತಿದ್ದಬಲ್ಲವರು ಯಾವ ಆದೇಶವನ್ನಾದರೂ ಸೇರಿಸಿ ನಡೆಸಬಹುದಾದ್ದರಿಂದ, ನಂಬಿಕೆಗೆ ಅರ್ಹವಲ್ಲದ ಕಡತಗಳಿಗೆ ಈ ವಿಧಾನ ಸಲ್ಲದು.

ಬರಿಯ ಹ್ಯಾಶ್‌ನ ಮಿತಿಗಳು

ಹ್ಯಾಶ್‌ಗಳಿಂದ ಕಟ್ಟಿದ ಮರಕ್ಕೆ ತನ್ನ ಆಕಾರ ಹೇಗಿರಬೇಕೆಂಬ ಅರಿವು ಇರುವುದಿಲ್ಲ. ಇದರಿಂದ ಕೆಲವು ತೊಂದರೆಗಳು ಹುಟ್ಟುತ್ತವೆ.

ಕೀಲಿಯ ಕಾಗುಣಿತ ತಪ್ಪಿದರೆ ಪರ್ಲ್ ದೂರುವುದಿಲ್ಲ. ‘ಪೋರ್ಟ್’ ಎನ್ನುವಲ್ಲಿ ‘ಪೊರ್ಟ್’ ಎಂದು ಕೇಳಿದರೆ ಅದು ಖಾಲಿ ಮೌಲ್ಯವನ್ನು ಮರಳಿಸುತ್ತದೆ. ಚರಗಳ ಹೆಸರಿನ ತಪ್ಪನ್ನು ಹಿಡಿಯುವ ‘ಸ್ಟ್ರಿಕ್ಟ್’ ಎಂಬ ಕಟ್ಟುಪಾಡು ಹ್ಯಾಶ್‌ನ ಕೀಲಿಗಳಿಗೆ ಅನ್ವಯಿಸುವುದಿಲ್ಲ. ಭಾಷೆಯ ಜೊತೆಗೇ ಬರುವ ‘ಹ್ಯಾಶ್::ಯುಟಿಲ್’ ಮಾಡ್ಯೂಲಿನ ಬೀಗಗಳನ್ನು ಬಳಸಿದರೆ, ಅನುಮತಿಯಿಲ್ಲದ ಕೀಲಿಯನ್ನು ಓದಲು ಹೊರಟಾಗಲೂ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ.

ಎರಡನೆಯದು ಆಟೋವಿವಿಫಿಕೇಶನ್, ಅಂದರೆ ಇಲ್ಲದ ಕೊಂಬೆ ತಾನಾಗಿಯೇ ಚಿಗುರುವುದು. ಬರೆಯುವಾಗ ಇದು ಅನುಕೂಲಕರ. ನಡುವಿನ ಹ್ಯಾಶ್‌ಗಳನ್ನು ಒಂದೊಂದಾಗಿ ಸೃಷ್ಟಿಸುವ ಶ್ರಮ ತಪ್ಪುತ್ತದೆ. ಆದರೆ ಓದುವಾಗಲೂ ಇದು ನಡೆಯುತ್ತದೆ. ‘ದತ್ತಕೋಶ’ ಎಂಬ ಕೊಂಬೆಯಲ್ಲಿ ‘ಬಳಕೆದಾರ’ ಎಂಬ ಎಲೆ ಇದೆಯೇ ಎಂದು ಕೇಳಿದ ಮಾತ್ರಕ್ಕೆ, ಅಲ್ಲಿಯವರೆಗೂ ಇಲ್ಲದಿದ್ದ ‘ದತ್ತಕೋಶ’ ಎಂಬ ಖಾಲಿ ಕೊಂಬೆ ಹುಟ್ಟಿಕೊಳ್ಳುತ್ತದೆ. ಆ ಕೊಂಬೆ ಇದೆಯೇ ಎಂದು ಮುಂದೊಮ್ಮೆ ವಿಚಾರಿಸುವ ಮತ್ತೊಂದು ಭಾಗ ಮೋಸಹೋಗುತ್ತದೆ. ಮರವನ್ನು ಕಡತಕ್ಕೆ ಬರೆದರೆ ಯಾರೂ ಕೇಳದ ಖಾಲಿ ವಿಭಾಗ ಅಲ್ಲಿ ಕಾಣಿಸಿಕೊಳ್ಳುತ್ತದೆ.

ಮೂರನೆಯದು ಆಕಾರದ ಅನಿಶ್ಚಿತತೆ. ‘ಕಾನ್ಫಿಗ್::ಜನರಲ್’ನಲ್ಲಿ ಒಂದು ಆಯ್ಕೆ ಒಮ್ಮೆ ಬಂದರೆ ಅದು ಸ್ಕೇಲಾರ್, ಎರಡು ಬಾರಿ ಬಂದರೆ ಅರೇ. ಹಳೆಯ ‘ಎಕ್ಸ್‌ಎಂಎಲ್::ಸಿಂಪಲ್’ ಮಾಡ್ಯೂಲಿನಲ್ಲೂ ಇದೇ ತೊಡಕು ಇದೆ. ಹೊಸ ಪ್ರೋಗ್ರಾಂಗಳಲ್ಲಿ ಅದನ್ನು ಬಳಸಬಾರದೆಂದು ಅದರ ಕೈಪಿಡಿಯೇ ಸಲಹೆ ನೀಡುತ್ತದೆ. ಒಂದೇ ಸರ್ವರ್ ಇದ್ದಾಗ ಸರಿಯಾಗಿ ನಡೆದ ಪ್ರೋಗ್ರಾಂ, ಎರಡನೆಯ ಸರ್ವರ್ ಸೇರಿಸಿದ ದಿನ ಮುರಿದುಬೀಳುವುದು ಹೀಗೆ.

ಇವುಗಳ ಜೊತೆಗೆ ಕ್ರಮ ಮತ್ತು ನಕಲಿನ ಪ್ರಶ್ನೆಗಳೂ ಇವೆ. ಹ್ಯಾಶ್ ತನ್ನ ಕೀಲಿಗಳ ಕ್ರಮವನ್ನು ಕಾಯುವುದಿಲ್ಲ. 2013ರ ಪರ್ಲ್ 5.18 ಆವೃತ್ತಿಯಿಂದ ಈ ಕ್ರಮವು ಪ್ರೋಗ್ರಾಂ ನಡೆದ ಪ್ರತಿ ಬಾರಿಯೂ ಬೇರೆಯಾಗಬಹುದು. ಕೀಲಿಗಳನ್ನು ವಿಂಗಡಿಸದೆ ಬರೆದರೆ, ಒಂದೂ ಆಯ್ಕೆ ಬದಲಾಗದಿದ್ದರೂ ಕಡತದ ಸಾಲುಗಳೆಲ್ಲ ಸ್ಥಾನ ಬದಲಿಸಿ, ಹಿಂದಿನ ಆವೃತ್ತಿಯೊಂದಿಗೆ ಹೋಲಿಸುವುದು ಕಷ್ಟವಾಗುತ್ತದೆ. ಅಂತೆಯೇ ಒಂದು ಮರವನ್ನು ಇನ್ನೊಂದು ಚರಕ್ಕೆ ನಿಯೋಜಿಸಿದಾಗ ಮೇಲಿನ ಹಂತ ಮಾತ್ರ ನಕಲಾಗಿ ಒಳಗಿನ ಕೊಂಬೆಗಳು ಹಂಚಿಕೆಯಾಗಿಯೇ ಉಳಿಯಬಹುದು. ಪ್ರಾಯೋಗಿಕವೆಂದು ಬದಲಿಸಿದ ನಕಲು ಮೂಲವನ್ನೇ ಕೆಡಿಸುವುದನ್ನು ತಪ್ಪಿಸಲು ‘ಸ್ಟೋರೆಬಲ್’ ಮಾಡ್ಯೂಲಿನ ಆಳನಕಲು ಸೌಲಭ್ಯವನ್ನು ಬಳಸಲಾಗುತ್ತದೆ.

ಮಾದರಿ ಆಧಾರಿತ ವಿಧಾನ

ಮೇಲಿನ ತೊಂದರೆಗಳನ್ನು ಪ್ರತಿ ಪ್ರೋಗ್ರಾಂನಲ್ಲೂ ಬಿಡಿಬಿಡಿಯಾಗಿ ಎದುರಿಸಿದರೆ ಪರಿಶೀಲನೆಯ ಆದೇಶಗಳು ಎಲ್ಲೆಡೆ ಚದುರಿಹೋಗುತ್ತವೆ. ‘ಕಾನ್ಫಿಗ್::ಮಾಡೆಲ್’ ಈ ತಿಳಿವಳಿಕೆಯನ್ನು ಒಂದೆಡೆ ಕಲೆಹಾಕುತ್ತದೆ. ಮಾದರಿ ಎಂದರೆ ಒಂದು ತಂತ್ರಾಂಶದ ಸಂರಚನೆಯಲ್ಲಿ ಯಾವ ಆಯ್ಕೆಗಳಿವೆ, ಅವು ಎಂಥವು, ಒಂದರ ಮೇಲೊಂದು ಹೇಗೆ ಅವಲಂಬಿಸಿವೆ ಎಂಬುದರ ವಿವರಣೆ. ಈ ವಿವರಣೆಯನ್ನು ಆದೇಶಗಳಾಗಿ ಬರೆಯದೆ ಪರ್ಲ್ ದತ್ತಾಂಶವಾಗಿ ಬರೆಯಲಾಗುತ್ತದೆ. ಅದನ್ನು ಅನುಸರಿಸಿ ಕಟ್ಟಿದ, ನಿಜವಾದ ಮೌಲ್ಯಗಳುಳ್ಳ ಮರವೇ ಸಂರಚನಾ ವೃಕ್ಷ. ಮಾದರಿಯಲ್ಲಿ ಹೆಸರಿಸದ ಎಲೆಯೊಂದನ್ನು ಈ ವೃಕ್ಷಕ್ಕೆ ಸೇರಿಸಲು ಹೊರಟರೆ ದೋಷ ವರದಿಯಾಗುತ್ತದೆ. ಹೊರಗಿನಿಂದ ಬರುವ ಹೆಸರುಗಳನ್ನು ಒಪ್ಪಿಕೊಳ್ಳಬೇಕಾದಲ್ಲಿ ಅದನ್ನೂ ಮಾದರಿಯಲ್ಲೇ ಸ್ಪಷ್ಟವಾಗಿ ಹೇಳಬೇಕು.

ವೃಕ್ಷದ ಘಟಕಗಳು

ವೃಕ್ಷದ ಪ್ರತಿ ಕವಲೂ ಒಂದು ನೋಡ್. ನೋಡ್‌ನ ಕೆಳಗೆ ಬರಬಹುದಾದ ಮುಖ್ಯ ಘಟಕಗಳೆಂದರೆ ಎಲೆ, ಹೆಸರಿನಿಂದ ಗುರುತಿಸುವ ಹ್ಯಾಶ್, ಕ್ರಮಸಂಖ್ಯೆಯಿಂದ ಗುರುತಿಸುವ ಪಟ್ಟಿ, ಹಲವು ಆಯ್ಕೆಗಳಲ್ಲಿ ಕೆಲವನ್ನು ಗುರುತು ಹಾಕುವ ಚೆಕ್‌ಲಿಸ್ಟ್ ಮತ್ತು ಮತ್ತೊಂದು ನೋಡ್. ಎಲೆಗೂ ಪ್ರಕಾರವಿದೆ: ಹೌದು-ಇಲ್ಲ, ಪೂರ್ಣಾಂಕ, ಸಂಖ್ಯೆ, ಒಂದು ಸಾಲಿನ ಪಠ್ಯ, ಹಲವು ಸಾಲುಗಳ ಪಠ್ಯ, ನಿಗದಿತ ಮೌಲ್ಯಗಳಲ್ಲಿ ಒಂದು ಇತ್ಯಾದಿ. ಪೂರ್ಣಾಂಕಕ್ಕೆ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಹೇರಬಹುದು. ಹೀಗಾಗಿ ಪೋರ್ಟ್ ಸಂಖ್ಯೆ 1ರಿಂದ 65535ರ ಒಳಗಿರಬೇಕೆಂಬ ನಿಯಮವನ್ನು ಮಾದರಿಯಲ್ಲಿ ಒಮ್ಮೆ ಬರೆದರೆ ಸಾಕು. ಸಂಪಾದಕ, ಆದೇಶ ಸಾಲು, ಪ್ರೋಗ್ರಾಂ ಈ ಯಾವ ದಾರಿಯಿಂದ ಮೌಲ್ಯ ಬಂದರೂ ಅದು ಜಾರಿಯಾಗುತ್ತದೆ.

ಪೂರ್ವನಿಯೋಜಿತ ಮೌಲ್ಯಗಳು

ಬಳಕೆದಾರರು ಏನನ್ನೂ ಹೇಳದಿದ್ದಾಗ ಅನ್ವಯಿಸುವ ಮೌಲ್ಯಗಳಲ್ಲಿ ‘ಕಾನ್ಫಿಗ್::ಮಾಡೆಲ್’ ಎರಡು ಬಗೆಗಳನ್ನು ಗುರುತಿಸುತ್ತದೆ. ಒಂದು, ಮಾದರಿ ಬರೆದವರು ಸೂಚಿಸಿದ್ದು; ಇದನ್ನು ಕಡತದಲ್ಲಿ ಬರೆಯಲಾಗುತ್ತದೆ. ಇನ್ನೊಂದು, ಮೂಲ ತಂತ್ರಾಂಶದೊಳಗೇ ಅಡಗಿರುವುದು. ಇದನ್ನು ಬಳಕೆದಾರರಿಗೆ ತೋರಿಸಲಾಗುತ್ತದೆಯೇ ಹೊರತು ಕಡತದಲ್ಲಿ ಬರೆಯುವುದಿಲ್ಲ.

ಈ ಭೇದ ಸೂಕ್ಷ್ಮವಾದರೂ ಪರಿಣಾಮ ದೊಡ್ಡದು. ನಿರ್ವಾಹಕ ಖಾತೆಯಾದ ರೂಟ್‌ಗೆ ದೂರದಿಂದ ಪ್ರವೇಶ ಕೊಡಬೇಕೇ ಎಂದು ನಿರ್ಧರಿಸುವ ‘ಪರ್ಮಿಟ್‌ರೂಟ್‌ಲಾಗಿನ್’ ಆಯ್ಕೆಯ ಪೂರ್ವನಿಯೋಜಿತ ಮೌಲ್ಯವನ್ನು ಓಪನ್‌ಎಸ್‌ಎಸ್‌ಎಚ್ ಯೋಜನೆಯು 2015ರ 7.0 ಆವೃತ್ತಿಯಲ್ಲಿ ‘ಯೆಸ್’ ಎಂಬುದರಿಂದ ‘ಪ್ರೊಹಿಬಿಟ್-ಪಾಸ್‌ವರ್ಡ್’ ಎಂಬುದಕ್ಕೆ ಬದಲಿಸಿತು. ಅಂದರೆ ಗುಪ್ತಪದ ಬಳಸಿ ರೂಟ್ ಆಗಿ ಒಳಬರುವುದು ತಾನಾಗಿಯೇ ನಿಂತಿತು. ಸಂರಚನಾ ಸಾಧನವೊಂದು ಹಳೆಯ ಪೂರ್ವನಿಯೋಜಿತ ಮೌಲ್ಯಗಳನ್ನೆಲ್ಲ ಕಡತಕ್ಕೆ ಬರೆದುಬಿಟ್ಟಿದ್ದರೆ, ಬಳಕೆದಾರರು ಎಂದೂ ಆರಿಸದ ‘ಯೆಸ್’ ಅಲ್ಲಿ ಅವರದೇ ಆಯ್ಕೆಯಂತೆ ಉಳಿದು, ನವೀಕರಣದ ನಂತರವೂ ಗಣಕವನ್ನು ಅಪಾಯಕ್ಕೆ ಒಡ್ಡುತ್ತಿತ್ತು. ಬಳಕೆದಾರರು ನಿಜವಾಗಿ ಹೇಳಿದ್ದನ್ನು ಮಾತ್ರ ಕಡತದಲ್ಲಿಡುವುದರಿಂದ ಈ ತೊಂದರೆ ತಪ್ಪುತ್ತದೆ.

ಅಡ್ಡ ಸಂಬಂಧಗಳು

ಎಲ್ಲ ಸಂಬಂಧಗಳೂ ಕೊಂಬೆ-ಎಲೆಯ ಸಂಬಂಧಗಳಲ್ಲ. ಎಕ್ಸ್ ವಿಂಡೋ ವ್ಯವಸ್ಥೆಯ ಸಂರಚನೆಯಲ್ಲಿ ‘ಸ್ಕ್ರೀನ್’ ಎಂಬ ವಿಭಾಗವು ಬೇರೆಡೆ ವಿವರಿಸಿದ ‘ಮಾನಿಟರ್’ ಮತ್ತು ‘ಡಿವೈಸ್’ ವಿಭಾಗಗಳನ್ನು ಹೆಸರಿನಿಂದ ಉಲ್ಲೇಖಿಸುತ್ತದೆ. ಇಂಥ ಎಲೆಯನ್ನು ಮಾದರಿಯಲ್ಲಿ ರೆಫರೆನ್ಸ್ ಪ್ರಕಾರದ್ದೆಂದು ಬರೆಯಬಹುದು. ಆಗ ವೃಕ್ಷದ ಆ ಭಾಗದಲ್ಲಿ ನಿಜವಾಗಿ ಇರುವ ಹೆಸರುಗಳನ್ನು ಮಾತ್ರ ಅದು ಒಪ್ಪುತ್ತದೆ. ಅಲ್ಲದೆ, ಒಂದು ಎಲೆಯ ಮೌಲ್ಯ ಬದಲಾದಾಗ ವೃಕ್ಷದ ಇನ್ನೊಂದು ಭಾಗದ ಆಕಾರವೇ ಬದಲಾಗಬೇಕಾಗುವ ಸಂದರ್ಭಗಳಿವೆ. ಬೇರೊಂದು ಚಿತ್ರಯಂತ್ರಾಂಶದ ಡ್ರೈವರ್ ಆರಿಸಿದರೆ ಅದಕ್ಕೆ ಸಲ್ಲುವ ಆಯ್ಕೆಗಳೂ ಬೇರೆಯಾಗುತ್ತವೆ. ‘ಕಾನ್ಫಿಗ್::ಮಾಡೆಲ್’ನಲ್ಲಿ ಇದನ್ನು ‘ವಾರ್ಪ್’ ಎಂದು ಕರೆಯಲಾಗುತ್ತದೆ.

ಓದು, ಬರಹ ಮತ್ತು ಸಂಪಾದನೆ

ಕಡತದ ರೂಪವನ್ನು ವೃಕ್ಷಕ್ಕೂ ವೃಕ್ಷವನ್ನು ಕಡತಕ್ಕೂ ಪರಿವರ್ತಿಸುವ ಭಾಗಕ್ಕೆ ಬ್ಯಾಕೆಂಡ್ ಎಂದು ಹೆಸರು. ಐಎನ್‌ಐ, ಯಾಮಲ್, ಪರ್ಲ್ ದತ್ತಾಂಶ ಮೊದಲಾದವುಗಳಿಗೆ ಸಿದ್ಧ ಬ್ಯಾಕೆಂಡ್‌ಗಳಿವೆ. ವಿಶೇಷ ವ್ಯಾಕರಣವುಳ್ಳ ಕಡತಗಳಿಗೆ ಹೊಸದನ್ನು ಬರೆಯಬೇಕಾಗುತ್ತದೆ. ಬ್ಯಾಕೆಂಡ್‌ಗೆ ಸಾಮರ್ಥ್ಯವಿದ್ದಲ್ಲಿ ಕಡತದ ಟಿಪ್ಪಣಿಗಳು ಆಯಾ ಘಟಕಕ್ಕೆ ಅಂಟಿಕೊಂಡು ಉಳಿಯುತ್ತವೆ.

ಆಯ್ಕೆಗಳ ವಿವರವೆಲ್ಲ ಮಾದರಿಯಲ್ಲಿರುವುದರಿಂದ ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆ ಸಂಪಾದಕವನ್ನು ಬರೆಯಬೇಕಿಲ್ಲ. ಟಿಕೆ ಆಧಾರಿತ ಚಿತ್ರಾತ್ಮಕ ಸಂಪಾದಕ, ಅಕ್ಷರ ಪರದೆಯ ಸಂಪಾದಕ ಮತ್ತು ವೃಕ್ಷವನ್ನು ಕಡತಕೋಶಗಳಂತೆ ತೋರಿಸುವ ಫ್ಯೂಸ್ ಸಾಧನ ಎಲ್ಲವೂ ಯಾವುದೇ ಮಾದರಿಯೊಂದಿಗೆ ಕೆಲಸ ಮಾಡುತ್ತವೆ. ‘ಸಿಎಂಇ’ ಎಂಬ ಆದೇಶವು ಇವುಗಳಿಗೆ ಹೆಬ್ಬಾಗಿಲು. ಇದರ ಮೂಲಕ ಸಂರಚನೆಯನ್ನು ಪರಿಶೀಲಿಸಬಹುದು, ತೆರೆದು ತಿದ್ದಬಹುದು, ಸರಿಪಡಿಸಬಲ್ಲ ದೋಷಗಳನ್ನು ತಾನಾಗಿ ಸರಿಪಡಿಸಬಹುದು. ಪರದೆಯ ಮುಂದೆ ಯಾರೂ ಇಲ್ಲದೆ ನಡೆಯುವ ಕೆಲಸಗಳಿಗಾಗಿ ವೃಕ್ಷದಲ್ಲಿ ಸಂಚರಿಸುವ ಒಂದು ಕಿರುಭಾಷೆಯೂ ಇದೆ. ಅದರಲ್ಲಿ ಘಟಕದ ಹೆಸರಿನ ಮುಂದೆ ವಿವರಣ ಚಿಹ್ನೆ ಇಟ್ಟು ಹ್ಯಾಶ್ ಅಥವಾ ಪಟ್ಟಿಯ ಸದಸ್ಯವನ್ನೂ, ಸಮ ಚಿಹ್ನೆಯಿಂದ ಮೌಲ್ಯವನ್ನೂ, ಅಡ್ಡಗೆರೆಯಿಂದ ಒಂದು ಹಂತ ಮೇಲೇರುವುದನ್ನೂ ಸೂಚಿಸಲಾಗುತ್ತದೆ.

ಮಾದರಿಯೂ ದತ್ತಾಂಶವೇ ಆದುದರಿಂದ ಅದನ್ನೂ ಒಂದು ವೃಕ್ಷವೆಂದು ಪರಿಗಣಿಸಿ ಇದೇ ಸಾಧನಗಳಿಂದ ತಿದ್ದಲು ಸಾಧ್ಯ. ‘ಕಾನ್ಫಿಗ್::ಮಾಡೆಲ್::ಇಟ್‌ಸೆಲ್ಫ್’ ಎಂಬ ಮಾಡ್ಯೂಲ್ ಈ ಕೆಲಸಕ್ಕಾಗಿ ಇದೆ.

ಆವೃತ್ತಿ ಬದಲಾವಣೆ

ಡೆಬಿಯನ್ ವ್ಯವಸ್ಥೆಯಲ್ಲಿ ಪ್ಯಾಕೇಜು ನವೀಕರಣಗೊಳ್ಳುವಾಗ, ಬಳಕೆದಾರರು ತಿದ್ದಿರುವ ಸಂರಚನಾ ಕಡತವು ಹೊಸ ಪ್ಯಾಕೇಜಿನಲ್ಲೂ ಬದಲಾಗಿದ್ದರೆ, ಹಳೆಯದನ್ನು ಉಳಿಸಬೇಕೇ ಹೊಸದನ್ನು ಸ್ವೀಕರಿಸಬೇಕೇ ಎಂದು ಕೇಳಲಾಗುತ್ತದೆ. ಹಳೆಯದನ್ನು ಉಳಿಸಿದರೆ ಹೊಸ ಆಯ್ಕೆಗಳು ತಪ್ಪಿಹೋಗುತ್ತವೆ, ಹೊಸದನ್ನು ಸ್ವೀಕರಿಸಿದರೆ ತಮ್ಮ ತಿದ್ದುಪಡಿಗಳು ಅಳಿಯುತ್ತವೆ. ಆ ತಂತ್ರಾಂಶದ ಒಳವಿವರ ತಿಳಿಯದ ಬಳಕೆದಾರರಿಗೆ ಇದು ಉತ್ತರಿಸಲಾಗದ ಪ್ರಶ್ನೆ.

ಮಾದರಿಯಲ್ಲಿ ಹಳೆಯ ಆಯ್ಕೆಯನ್ನು ಬಳಕೆ ತಪ್ಪಿದ್ದೆಂದು ಗುರುತಿಸಿ, ಹೊಸ ಆಯ್ಕೆಯು ತನ್ನ ಮೌಲ್ಯವನ್ನು ಅದರಿಂದ ಪಡೆಯಬೇಕೆಂದು ಹೇಳಬಹುದು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ‘ಕೀಪ್‌ಅಲೈವ್’ ಎಂಬ ಆಯ್ಕೆಯ ಹೆಸರು ‘ಟಿಸಿಪಿಕೀಪ್‌ಅಲೈವ್’ ಎಂದು ಬದಲಾದದ್ದು ಇಂಥ ಒಂದು ಸಂದರ್ಭ. ಹಳೆಯ ಕಡತವನ್ನು ಓದಿದಾಗ ಮೌಲ್ಯವು ಹೊಸ ಎಲೆಗೆ ಸಾಗುತ್ತದೆ. ಬರೆಯುವಾಗ ಹೊಸ ಹೆಸರು ಮಾತ್ರ ಇರುತ್ತದೆ. ಇಲ್ಲಿ ಹೋಲಿಕೆಯಾಗುವುದು ಸಾಲುಗಳಲ್ಲ, ಅರ್ಥ. ಹೀಗಾಗಿ ಬದಲಾವಣೆಯ ವಿವರ ಬಲ್ಲ ಒಬ್ಬರು ಅದನ್ನು ಒಮ್ಮೆ ಮಾದರಿಯಲ್ಲಿ ಬರೆದಿಟ್ಟರೆ, ಉಳಿದ ಬಳಕೆದಾರರು ಆ ಹೊರೆಯಿಂದ ಪಾರಾಗುತ್ತಾರೆ.

ಬಳಕೆ

‘ಕಾನ್ಫಿಗ್::ಮಾಡೆಲ್’ ಎಲ್‌ಜಿಪಿಎಲ್ ಪರವಾನಗಿಯಡಿ ಸಿಪ್ಯಾನ್‌ನಲ್ಲಿಯೂ ಡೆಬಿಯನ್‌ನ ಪ್ಯಾಕೇಜಾಗಿಯೂ ದೊರೆಯುತ್ತದೆ. ಓಪನ್‌ಎಸ್‌ಎಸ್‌ಎಚ್, ಎಲ್‌ಸಿಡಿಪ್ರಾಕ್, ಸಿಸ್ಟಮ್‌ಡಿ ಮೊದಲಾದವುಗಳಿಗೆ ಮಾದರಿಗಳು ಲಭ್ಯವಿವೆ. ಸಿಸ್ಟಮ್‌ಡಿಯ ನೂರಾರು ಆಯ್ಕೆಗಳ ಮಾದರಿಯನ್ನು ಅದರ ಅಧಿಕೃತ ಕೈಪಿಡಿಯ ಮೂಲ ಕಡತಗಳಿಂದಲೇ ಉತ್ಪಾದಿಸಲಾಗುತ್ತದೆ. ಡೆಬಿಯನ್ ಪ್ಯಾಕೇಜು ತಯಾರಕರು ಪ್ಯಾಕೇಜಿನ ಅವಲಂಬನೆಗಳನ್ನೂ ಹಕ್ಕುಸ್ವಾಮ್ಯದ ವಿವರಗಳನ್ನೂ ಒಳಗೊಂಡ ಕಡತಗಳ ಪರಿಶೀಲನೆಗೆ ‘ಕಾನ್ಫಿಗ್::ಮಾಡೆಲ್::ಡಿಪಿಕೆಜಿ’ಯನ್ನು ಬಳಸುತ್ತಾರೆ.

ಮಿತಿಗಳು ಮತ್ತು ಇತರ ವಿಧಾನಗಳು

ಮಾದರಿಯನ್ನು ಬರೆಯುವುದು ಮತ್ತು ಮೂಲ ತಂತ್ರಾಂಶದ ಪ್ರತಿ ಆವೃತ್ತಿಯೊಂದಿಗೆ ಅದನ್ನು ಹೊಂದಿಸುತ್ತಿರುವುದು ಶ್ರಮದ ಕೆಲಸ. ಮಾದರಿ ಹಿಂದೆ ಬಿದ್ದರೆ, ಸರಿಯಾದ ಹೊಸ ಆಯ್ಕೆಯನ್ನೇ ಅದು ತಪ್ಪೆಂದು ತಿರಸ್ಕರಿಸಬಹುದು. ವೃಕ್ಷದಿಂದ ಕಡತವನ್ನು ಮತ್ತೆ ಬರೆದಾಗ ಸಾಲುಗಳ ಮೂಲ ಜೋಡಣೆ ಬದಲಾಗಬಹುದು. ಮರವು ರಚನೆಯನ್ನು ಪರಿಶೀಲಿಸಬಲ್ಲದೇ ಹೊರತು ಉದ್ದೇಶವನ್ನಲ್ಲ; ಅತಿಥಿಗಳಿಗೆ ಮಾತ್ರ ಗುಪ್ತಪದ ನಿಷೇಧಿಸುವುದು ಕೆಲವೆಡೆ ನಿಜವಾಗಿಯೂ ಬೇಕಾದ ನಿಯಮವೇ ಆಗಿರಬಹುದು. ಕೆಲವೇ ಆಯ್ಕೆಗಳುಳ್ಳ ಸಣ್ಣ ಪ್ರೋಗ್ರಾಂಗೆ ಬೀಗ ಹಾಕಿದ ಹ್ಯಾಶ್ ಮತ್ತು ಒಂದು ಐಎನ್‌ಐ ಕಡತ ಸಾಕಾಗುತ್ತದೆ.

ಇದೇ ದಿಕ್ಕಿನ ಇತರ ಯೋಜನೆಗಳಲ್ಲಿ ಡೇವಿಡ್ ಲುಟ್ಟರ್‌ಕೋರ್ಟ್ ಅವರು ಸಿ ಭಾಷೆಯಲ್ಲಿ ರಚಿಸಿದ ಆಗಿಯಾಸ್ ಪ್ರಮುಖವಾದುದು. ‘ಲೆನ್ಸ್’ ಎಂಬ ಒಂದೇ ವಿವರಣೆಯಿಂದ ಅದು ಕಡತವನ್ನು ಮರವಾಗಿಯೂ ಮರವನ್ನು ಕಡತವಾಗಿಯೂ ಪರಿವರ್ತಿಸಿ, ತಿದ್ದದ ಭಾಗಗಳನ್ನು ಟಿಪ್ಪಣಿ ಸಹಿತ ಇದ್ದಂತೆಯೇ ಉಳಿಸುತ್ತದೆ. ಅದರ ಗಮನ ಕಡತದ ವ್ಯಾಕರಣದ ಮೇಲಿದ್ದರೆ, ‘ಕಾನ್ಫಿಗ್::ಮಾಡೆಲ್’ನ ಗಮನ ಆಯ್ಕೆಗಳ ಅರ್ಥದ ಮೇಲಿದೆ. ಪರ್ಲ್ ಪ್ರೋಗ್ರಾಂಗಳು ‘ಕಾನ್ಫಿಗ್::ಆಗಿಯಾಸ್’ ಮಾಡ್ಯೂಲಿನ ಮೂಲಕ ಅದನ್ನು ಬಳಸಬಹುದು.